‘ನೆಗೆಟಿವ್’ ಅಂದರೆ ಕೆಟ್ಟದ್ದಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ಅವ್ವನ ಕಫ ಪರೀಕ್ಷೆಯ ವರದಿ ತರಲು ಇಬ್ಬರೂ ಲ್ಯಾಬಿಗೆ ಹೋಗಿದ್ದೆವು. ಕೌಂಟರಿನವರು ‘ಟಿಬಿ ನೆಗೆಟಿವ್’ ಎಂದಷ್ಟೇ ಹೇಳಿ ಚೀಟಿ ಕೊಟ್ಟರು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಬೆಂಚಿನ ಮೇಲೆ ಕುಸಿದಳು. ‘ನೆಗೆಟಿವ್ ಯೋಚನೆ ಬಿಡಿ’ ಅಂತ ಟಿವಿಯಲ್ಲಿ ದಿನಾ ಕೇಳ್ತಾಳೆ, ಅವಳಿಗೆ ಅದು ಕೆಟ್ಟ ಮಾತೇ ಅಲ್ವಾ? ಪರೀಕ್ಷೆಯಲ್ಲಿ ಅರ್ಥವೇ ಬೇರೆ: ಹುಡುಕಿದ ರೋಗಾಣು ಕಾಣಲಿಲ್ಲ ಅಂತ. ಪಾಸಿಟಿವ್ ಅಂದರೆ ಕಂಡಿತು.

ರಕ್ತದ ಗುಂಪಿನ ನೆಗೆಟಿವ್ ಮತ್ತೊಂದು. ಕೆಂಪು ರಕ್ತಕಣದ ಮೇಲೆ ಆರ್‌ಎಚ್ ಡಿ ಎಂಬ ಪ್ರೋಟೀನ್ ಇಲ್ಲ ಅಂತಷ್ಟೇ, ಕಾಯಿಲೆಯಲ್ಲ.

ವರದಿ ಕೊಡುವವರು ದಯವಿಟ್ಟು ‘ಟಿಬಿ ರೋಗಾಣು ಕಂಡಿಲ್ಲ’ ಎಂದು ಕನ್ನಡದಲ್ಲಿ ಒಂದು ಮಾತು ಹೇಳಲಿ. ನಾನು ಹಾಗೆ ಬಿಡಿಸಿ ಹೇಳಿದ ಮೇಲೆಯೇ ಅವ್ವ ಕಣ್ಣೊರೆಸಿಕೊಂಡು ಎದ್ದದ್ದು.

– ಓದುಗ, ವಿನೋಬನಗರ, ದಾವಣಗೆರೆ