ಭಾನುವಾರದ ಇಂಗ್ಲಿಷ್ ಅಭ್ಯಾಸ: ಎಲ್ಲರೂ ಗಮನಿಸಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ ಹಾಸನದ ಬಿ.ಎಂ. ರಸ್ತೆಯ ನಮ್ಮ ಎಂದಿನ ಕೊಠಡಿಯಲ್ಲಿ ತಪ್ಪು ವಾಕ್ಯ ತಿದ್ದುವ ಅಭ್ಯಾಸ ಇದೆ. ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರು ತಪ್ಪಿಸಬೇಡಿ.

ಕಳೆದ ವಾರದ ಹಾಳೆಗಳಲ್ಲಿ ಜಾಸ್ತಿ ಕಂಡಿದ್ದು 'ಡಿಡ್ ಯು ವೆಂಟ್'. ಭೂತಕಾಲದ ಕೆಲಸವನ್ನು 'ಡಿಡ್' ಆಗಲೇ ಮುಗಿಸಿದೆ. ಮುಂದಿನ ಕ್ರಿಯಾಪದ ಮೂಲ ರೂಪದಲ್ಲಿದ್ದರೆ ಸಾಕು: 'ಡಿಡ್ ಯು ಗೋ'. 'ಡಿಡಂಟ್' ಬಂದರೂ ಇದೇ ಲೆಕ್ಕ.

ಇನ್ನೊಂದು, 'ಒನ್ ಆಫ್ ಮೈ ಫ್ರೆಂಡ್' ಅಲ್ಲ, 'ಫ್ರೆಂಡ್ಸ್'. ಆದರೆ ಕ್ರಿಯಾಪದ ಆ 'ಒನ್'ಗೆ ಹೊಂದಬೇಕು: 'ಒನ್ ಆಫ್ ಮೈ ಫ್ರೆಂಡ್ಸ್ ಲಿವ್ಸ್ ಇನ್ ಬೇಲೂರು'. ಚೆನ್ನಾಗಿ ಓದಿದವರೂ ಇಲ್ಲಿ ಎಡವುತ್ತಾರೆ. ಪಕ್ಕದಲ್ಲೇ ಬಹುವಚನ ಕೂತಿರುತ್ತದಲ್ಲ, ಅದನ್ನು ನೋಡಿ 'ಲಿವ್' ಅಂತ ಬರೆದುಬಿಡುತ್ತಾರೆ. 'ಡಿಸ್ಕಸ್' ಆದಮೇಲೆ 'ಅಬೌಟ್' ಬೇಡವೇ ಬೇಡ.

ಶುಕ್ರವಾರ ರಾತ್ರಿಯೊಳಗೆ ನೀವೇ ಬರೆದ ಐದು ವಾಕ್ಯಗಳ ಫೋಟೊ ಇಲ್ಲಿ ಹಾಕಿ. ದಯವಿಟ್ಟು ಯಾವುದೋ ಆ್ಯಪ್‌ನಲ್ಲಿ ತಿದ್ದಿಸಿ ಕಳಿಸಬೇಡಿ, ಆಮೇಲೆ ಭಾನುವಾರ ತಿದ್ದಲು ಏನು ಉಳಿಯುತ್ತದೆ? ನೋಟ್‌ಬುಕ್ ಜೊತೆ ಕೆಂಪು ಪೆನ್ನು ತನ್ನಿ. ಒಬ್ಬರ ಹಾಳೆಯನ್ನು ಇನ್ನೊಬ್ಬರು ತಿದ್ದುತ್ತೀರಿ.

ಆಲೂರು, ಸಕಲೇಶಪುರ ಕಡೆಯವರು ಬಸ್ ತಡವಾದರೆ ಒಂದು ಮಾತು ತಿಳಿಸಿ, ಕಾಯುತ್ತೇವೆ. ಬರುವವರೆಲ್ಲ ಶನಿವಾರ ಮಧ್ಯಾಹ್ನದೊಳಗೆ ಹೆಸರು ಹಾಕಿ, ಜೆರಾಕ್ಸ್ ಎಷ್ಟು ಬೇಕು ಅಂತ ಗೊತ್ತಾಗಬೇಕು ಅಲ್ವಾ? ಸುಮ್ನೆ ಹೆಬ್ಬೆರಳು ಒತ್ತಿದರೆ ಬರುತ್ತೀರೋ, ಬರೀ ಓದಿದಿರೋ ತಿಳಿಯುವುದಿಲ್ಲ.