ಮಗಳಿಗೊಂದು ಪತ್ರ: ಮೌಸ್ ಅವರ ಕೈಯಲ್ಲೇ ಇರಲಿ

ಪ್ರೀತಿಯ ಪುಟ್ಟಿ,

ಮುಂದಿನ ವಾರದಿಂದ ನೀನೂ ನನ್ನ ಹಾಗೆ ಮಕ್ಕಳಿಗೆ ಕಂಪ್ಯೂಟರ್ ಗೇಮ್ ಮಾಡುವುದನ್ನು ಕಲಿಸುತ್ತೀಯ ಅಂತ ಕೇಳಿ ಖುಷಿಗೆ ರಾತ್ರಿ ನಿದ್ದೆಯೇ ಬರಲಿಲ್ಲ. "ಮೊದಲ ದಿನ ಏನು ಹೇಳಿಕೊಡಲಿ ಅಮ್ಮಾ?" ಅಂತ ಕೇಳಿದೆಯಲ್ಲ, ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ದಿನ ಕಂಪ್ಯೂಟರ್ ಆನ್ ಮಾಡಿಸಬೇಡ. ಕಾಗದ, ಪೆನ್ಸಿಲ್, ದಾಳ ಸಾಕು. ಹಾವು-ಏಣಿ ಆಡಿಸು. ಮುಗಿದ ಮೇಲೆ, "ಈ ಆಟದಲ್ಲಿ ನೀವೇ ಯೋಚಿಸಿ ಮಾಡಿದ್ದು ಏನು?" ಅಂತ ಕೇಳು. ಎಲ್ಲರೂ ಸುಮ್ಮನಾಗುತ್ತಾರೆ. ಯಾಕೆಂದರೆ ಅಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ, ದಾಳ ಹೇಳಿದ್ದೇ ಕೊನೆ. ಆಮೇಲೆ ಒಂದೇ ಒಂದು ನಿಯಮ ಬದಲಾಯಿಸಲು ಹೇಳು. ಎರಡು ದಾಳ ಹಾಕಿ, ಬೇಕಾದ ಒಂದನ್ನು ಮಾತ್ರ ನಡೆಸುವುದು ಅಂತ ಮಾಡಿಕೊಂಡರೂ ಸಾಕು. ಕಾಯಿ ಹಿಡಿದ ಕೈ ಅಲ್ಲೇ ನಿಲ್ಲುತ್ತದೆ, ಹಾವು ಎಲ್ಲಿದೆ, ಏಣಿ ಎಲ್ಲಿದೆ ಅಂತ ಕಣ್ಣು ಹುಡುಕುತ್ತದೆ. ನಾನು ಒಂದು ಗಂಟೆ ಪಾಠ ಮಾಡಿದರೂ ತಲೆಗೆ ಹೋಗದ್ದು ಆ ಹತ್ತು ನಿಮಿಷದಲ್ಲಿ ಹೋಗಿದೆ.

ನಿನಗೆ ಇದು ಹೊಸದೇನಲ್ಲ. ಆರು ವರ್ಷದವಳಿದ್ದಾಗ ಕಣ್ಣಾಮುಚ್ಚಾಲೆಯಲ್ಲಿ ಒಂದು ಪುಟಾಣಿಯನ್ನು ಎಲ್ಲರೂ "ಆಟಕ್ಕುಂಟು ಲೆಕ್ಕಕ್ಕಿಲ್ಲ" ಅಂತ ಬಿಟ್ಟಿದ್ದರು. ನೀನು ಒಂದು ನಿಯಮ ಸೇರಿಸಿದೆ. ಸಿಕ್ಕಿಬಿದ್ದವರನ್ನು ಅವಳು ಬಂದು ಮುಟ್ಟಿದರೆ ಅವರಿಗೆ ಇನ್ನೊಂದು ಅವಕಾಶ. ಅಷ್ಟೇ. ಆಮೇಲೆ ಅವಳನ್ನು ತಮ್ಮ ಜೊತೆ ಬಚ್ಚಿಟ್ಟುಕೊಳ್ಳಲು ಎಲ್ಲರೂ ಕಿತ್ತಾಡಿದರು. ಅವತ್ತೇ ನನಗೆ ಗೊತ್ತಾಯಿತು, ಇವಳು ಆಟ ಕಟ್ಟುವವಳು ಅಂತ.

ಈಗ ನನ್ನದೊಂದು ತಪ್ಪು ಹೇಳಬೇಕು. ನನ್ನ ಮೊದಲ ಬ್ಯಾಚಿನಲ್ಲಿ ಒಬ್ಬ ಹುಡುಗ ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹಾರುವ ಆಟ ಮಾಡಿದ್ದ. ಆಡಿದವರೆಲ್ಲ ಅಂಚಿನಲ್ಲಿ ಬಿದ್ದು ಬಿದ್ದು ಸಿಟ್ಟಾಗುತ್ತಿದ್ದರು. ಕಾರಣ ನನಗೆ ತಕ್ಷಣ ಗೊತ್ತಾಯಿತು. ಅಂಚು ದಾಟಿದ ಮೇಲೂ ಒಂದು ಕ್ಷಣ ಹಾರಲು ಬಿಡಬೇಕು, ಕಯೋಟಿ ಟೈಮ್ ಅನ್ನುತ್ತೇವಲ್ಲ, ಅದು. ಸೆಕೆಂಡಿಗೆ 60 ಫ್ರೇಮ್, ಅಂದರೆ ಪರದೆಯ ಮೇಲೆ 60 ಚಿತ್ರ, ಓಡುವ ಆಟದಲ್ಲಿ 6 ಫ್ರೇಮ್ ಕೊಟ್ಟರೆ ಸೆಕೆಂಡಿನ ಹತ್ತನೇ ಒಂದು ಭಾಗ. ಆಡುವವರಿಗೆ ಅದು ಕಾಣುವುದೇ ಇಲ್ಲ, ಆದರೆ ಆಟ ತಮ್ಮ ಮಾತು ಕೇಳುತ್ತಿದೆ ಅನ್ನಿಸುತ್ತದೆ. ನಾನು ಅವನ ಕೈಯಿಂದ ಮೌಸ್ ತಗೊಂಡು ಎರಡೇ ನಿಮಿಷದಲ್ಲಿ ಸರಿಮಾಡಿಬಿಟ್ಟೆ. ಆಟ ನಿಜಕ್ಕೂ ಚೆನ್ನಾಯಿತು. ಮುಂದಿನ ವಾರ ಅವನು ಏನೂ ಮಾಡಿಕೊಂಡು ಬರಲಿಲ್ಲ. "ಏನು ಮಾಡಲಿ, ನೀವೇ ಹೇಳಿ ಮೇಡಂ" ಅಂದ.

ಆ ಮಾತು ಇವತ್ತಿಗೂ ಚುಚ್ಚುತ್ತದೆ, ಪುಟ್ಟಿ. ಅವನು ಮತ್ತೆ ತಾನಾಗಿ ಒಂದು ಆಟ ತರುವಷ್ಟರಲ್ಲಿ ಮೂರು ತಿಂಗಳಾಗಿತ್ತು. ಅಲ್ಲಿಂದ ಮುಂದೆ ನಾನು ಉತ್ತರ ಹೇಳುವುದನ್ನು ಬಿಟ್ಟೆ. "ಆಡುತ್ತಿದ್ದವರ ಕೈ ಎಲ್ಲಿ ತಡವರಿಸಿತು? ನೋಡಿದೆಯಾ?" ಅಂತ ಮಾತ್ರ ಕೇಳುತ್ತೇನೆ. ಒಬ್ಬರು ಮಾಡಿದ ಆಟವನ್ನು ಬೇರೆಯವರು ಆಡುವಾಗ ಮಾಡಿದವರು ಬಾಯಿ ಬಿಡಬಾರದು ಅಂತಲೂ ಹೇಳುತ್ತೇನೆ. ಮಕ್ಕಳಿಗೆ ಇದೇ ಎಲ್ಲಕ್ಕಿಂತ ಕಷ್ಟ. "ಅಲ್ಲಿ ಒತ್ತು, ಅಲ್ಲಿ!" ಅನ್ನಲು ನಾಲಿಗೆ ತುದಿಗೆ ಬಂದಿರುತ್ತದೆ. ಆದರೆ ನಾಳೆ ಯಾರೋ ಎಲ್ಲೋ ಕೂತು ಆಡುವಾಗ ಇವರು ಪಕ್ಕದಲ್ಲಿ ಇರುವುದಿಲ್ಲ, ಅಲ್ವಾ?

1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದ ಮೊದಲ ಹಂತವನ್ನು ತೋರಿಸು. ಅದನ್ನು ರೂಪಿಸಿದ ಶಿಗೆರು ಮಿಯಾಮೊಟೊ ಮತ್ತು ಅವರ ತಂಡ ಅಲ್ಲಿ ಒಂದು ಸಾಲು ಸೂಚನೆಯನ್ನೂ ಬರೆದಿಲ್ಲ. ನಾವು ಆಡಿಸುವ ಮಾರಿಯೋ ಎಡಗಡೆ ನಿಂತಿರುತ್ತಾನೆ, ಬಲಗಡೆ ಖಾಲಿ ಜಾಗ. ನಾವು ತಾನಾಗಿಯೇ ಬಲಕ್ಕೆ ಹೋಗುತ್ತೇವೆ. ಎದುರಿಂದ ಗೂಂಬಾ ಅನ್ನುವ ಪುಟ್ಟ ಶತ್ರು ಬರುತ್ತದೆ. ಹಾರದಿದ್ದರೆ ಸಾಯುತ್ತೇವೆ. ಆದರೆ ಆಟ ಶುರುವಾಗಿ ಕೆಲವೇ ಸೆಕೆಂಡ್ ಆಗಿರುತ್ತದೆ, ಹೋಗಿದ್ದು ಜಾಸ್ತಿ ಏನಿಲ್ಲ. ಮುಂದಿನ ಸಲ ಹಾರುತ್ತೇವೆ. ನಿನ್ನ ಕ್ಲಾಸಿನಲ್ಲೂ ಮಕ್ಕಳ ಮೊದಲ ಸೋಲು ಇಷ್ಟೇ ಚಿಕ್ಕದಾಗಿರುವ ಹಾಗೆ ನೋಡಿಕೋ.

ಯಾರಾದರೂ "ಇದು ಕೆಟ್ಟುಹೋಗಿದೆ" ಅಂತ ಅಳುತ್ತಾ ಬಂದರೆ ಅದನ್ನು ತೆಗೆದುಹಾಕುವ ಮೊದಲು ಒಂದು ಸಲ ಆಡಿ ನೋಡಲು ಹೇಳು. 1978ರಲ್ಲಿ ತೊಮೊಹಿರೊ ನಿಶಿಕಾಡೊ ಸ್ಪೇಸ್ ಇನ್ವೇಡರ್ಸ್ ಅನ್ನುವ, ಶತ್ರುಗಳನ್ನು ಹೊಡೆದುರುಳಿಸುವ ಆಟ ಮಾಡಿದಾಗ ಪರದೆ ತುಂಬ ಶತ್ರುಗಳನ್ನು ಓಡಿಸುವುದು ಯಂತ್ರಕ್ಕೆ ಭಾರವಾಗುತ್ತಿತ್ತು. ಒಂದೊಂದೇ ಸತ್ತ ಹಾಗೆ ಆ ಭಾರ ಇಳಿದು, ಉಳಿದವು ವೇಗವಾಗಿ ಓಡತೊಡಗಿದವು. ಅವರು ಅದನ್ನು ಹಾಗೇ ಉಳಿಸಿಕೊಂಡರು. ಕೊನೆಯ ಶತ್ರುವನ್ನು ಹೊಡೆಯುವಾಗ ಎದೆ ಢವಢವ ಅನ್ನುವುದು ಅದರಿಂದಲೇ. ಪಕ್ಕದಲ್ಲಿ ಯಾರಾದರೂ ಕೂತು "ಇದು ತಪ್ಪು" ಅಂತ ಸರಿಮಾಡಿಬಿಟ್ಟಿದ್ದರೆ ನಮಗೆ ಆ ಢವಢವ ಸಿಗುತ್ತಲೇ ಇರಲಿಲ್ಲ.

ಉಳಿದದ್ದೆಲ್ಲ, ಕೋಡು, ಚಿತ್ರ, ಶಬ್ದ, ನಿಧಾನವಾಗಿ ಬರುತ್ತದೆ. ಅದಕ್ಕೆ ಗಾಬರಿ ಬೇಡ.

ಮೊದಲ ದಿನ ಮುಗಿದ ತಕ್ಷಣ ಫೋನ್ ಮಾಡು. ಹಾವು-ಏಣಿಗೆ ಯಾವ ಮಗು ಯಾವ ನಿಯಮ ಹಾಕಿತು, ಎಲ್ಲ ಹೇಳಬೇಕು. ಬರೆದಿಟ್ಟುಕೋ, ಒಂದನ್ನೂ ಮರೆಯಬೇಡ.

ನಿನ್ನ ಪ್ರೀತಿಯ
ಅಮ್ಮ