ಮಾಲೂರು ಕಡೆಯ ಡೈರಿ ಅಕ್ಕನಿಗೆ ಥ್ಯಾಂಕ್ಸ್

ಅಕ್ಕಾ, ಬೆಳಗ್ಗೆ 6 ಗಂಟೆಗೇ ನಿಮ್ಮ ಡೈರಿಗೆ ಬಂದು ನಿಂತಿದ್ದೆ, ನೆನಪಿದೆಯಾ? ಕೀನ್ಯಾದಲ್ಲಿ ಹಾಲಿನ ಸಹಕಾರ ಸಂಘದ ಮುಖಂಡರಿಗೆ ತರಬೇತಿ ಕೊಡಲು ಹೊರಟಿದ್ದೇನೆ ಅಂದಾಗ, ಸ್ಯಾಂಪಲ್ ತೆಗೆಯೋದು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಉಳಿದ ಘನಾಂಶ) ನೋಡಿ ರೇಟು ಹಾಕೋದು, ಎಲ್ಲಾ ಹಾಲು ಅಳೆಯುತ್ತಲೇ ಬಿಡಿಸಿ ಹೇಳಿದಿರಿ. ಕೊನೆಗೆ ಹಾಲಿನ ಲೆಕ್ಕ ಬರೆದ ನಿಮ್ಮದೇ ಹಳೇ ಪಾಸ್‌ಬುಕ್ ಕೈಗಿಟ್ಟಿರಿ. ಅಂಚಿಗೆಲ್ಲಾ ಹಾಲಿನ ಕಲೆ.

ಕೀನ್ಯಾದಲ್ಲಿ ಆ ಮುಖಂಡರು ನನ್ನ ಸ್ಲೈಡುಗಳನ್ನು ಸುಮ್ನೆ ನೋಡಿದರು. ಪಾಸ್‌ಬುಕ್ ಮಾತ್ರ ಕೈಯಿಂದ ಕೈಗೆ ಹೋಯಿತು, ಕನ್ನಡ ಬರದಿದ್ದರೂ ಅಂಕಿಗಳ ಮೇಲೆ ಬೆರಳಿಟ್ಟು ಓದಿದರು. ಒಂದು ಹಸು ಇರೋರಿಗೂ ಹತ್ತು ಇರೋರಿಗೂ ಸಂಘದಲ್ಲಿ ಒಂದೇ ಓಟು ಅಂತೀವಿ, ಲೆಕ್ಕವೇ ಸದಸ್ಯರ ಕೈಯಲ್ಲಿ ಇಲ್ಲದಿದ್ದರೆ ಆ ಓಟಿಗೆ ಏನು ಬೆಲೆ, ಅಲ್ವಾ?

ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳಲೇ ಇಲ್ಲ. ಪಾಸ್‌ಬುಕ್ ಜೋಪಾನವಾಗಿದೆ, ಬಂದು ಕೊಡುತ್ತೇನೆ. ತುಂಬಾ ಥ್ಯಾಂಕ್ಸ್ ಅಕ್ಕಾ.